ಇಂಜಿನ್ ಹೆಡ್ಡು: ಮನೇಲಿ ಮಾಡೋದೆಷ್ಟು, ಅಂಗಡಿಗೆ ಬಿಡೋದೆಷ್ಟು

ಡೀಸೆಲ್ ಇಂಜಿನ್ನಿಗೆ ಹ್ಯಾಂಡಲ್ ಹಾಕಿ ಸುತ್ತಿ ಸುತ್ತಿ ರಟ್ಟೆ ಬಿದ್ದುಹೋದರೂ ಅದು ಶುರುವಾಗದಿದ್ದರೆ ನಮ್ಮ ಕಡೆ ರೈತರು ಆಡುವ ಮಾತು ಒಂದೇ: 'ಇಂಜಿನ್ ಹೋಯ್ತು'. ಆಮೇಲೆ ಅದು ಎರಡು ವರ್ಷ ಷೆಡ್ಡಿನ ಮೂಲೆಯಲ್ಲಿ ಕೋಳಿ ಕೂರುವ ಜಾಗವಾಗುತ್ತದೆ. ಒಂದು ದಿನ ಗುಜರಿಯವನು ಬರುತ್ತಾನೆ, ಕಬ್ಬಿಣದ ತೂಕಕ್ಕೆ ಇಂಜಿನ್ ಹೊರಟುಹೋಗುತ್ತದೆ. ಹೀಗೆ ಹೋದ ಇಂಜಿನ್ನುಗಳಲ್ಲಿ ನಾನು ನೋಡಿದ ಎಷ್ಟೋ ಇಂಜಿನ್ನಿಗೆ ಪಿಸ್ಟನ್ನು, ಲೈನರ್ರು, ಕ್ರ್ಯಾಂಕು ಎಲ್ಲ ಸರಿಯಾಗೇ ಇದ್ದವು. ಕೆಟ್ಟಿದ್ದು ಮೇಲಿನ ಹೆಡ್ಡು. ಅದರಲ್ಲೂ ವಾಲ್ವು ಕೂರುವ ಬಳೆಯಷ್ಟಗಲದ ಎರಡು ಜಾಗ ಮಾತ್ರ.

ಈ ಹೆಡ್ಡಿನ ಕೆಲಸದಲ್ಲಿ ಮುಕ್ಕಾಲು ಪಾಲು ಮನೆ ಜಗಲಿ ಮೇಲೆ ಕೂತು ಮಾಡುವಂಥದು. ಕಾಲು ಪಾಲನ್ನು ಮಾತ್ರ ಲೇತ್ ಅಂಗಡಿಗೆ, ನಾಝಲ್ ಅಂಗಡಿಗೆ ಬಿಡಬೇಕು. ಯಾವುದು ನಮ್ಮದು, ಯಾವುದು ಅಂಗಡಿಯವರದು ಅನ್ನೋದು ಗೊತ್ತಿದ್ದರೆ ಸಾವಿರಗಟ್ಟಲೆ ದುಡ್ಡು ಉಳಿಯುತ್ತದೆ. ನಾನು ಓದಿದ್ದು ಏಳನೇ ಕ್ಲಾಸು. ಈ ಕೆಲಸ ಕಲಿಸಿದ್ದು ಲಾರಿ ಗ್ಯಾರೇಜಿನಲ್ಲಿದ್ದ ನನ್ನ ಸೋದರಮಾವ. ಮಾಡಿ ನೋಡಿದ್ದನ್ನಷ್ಟೇ ಬರೆಯುತ್ತಿದ್ದೇನೆ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು, ಸಾಸಲು ಹೋಬಳಿ. ಮಳೆ ನಂಬಿದ ಹೊಲ. ರಾಗಿ, ಸಾಲಿನಲ್ಲಿ ಅವರೆ, ತೊಗರಿ, ಅಂಚಿಗೆ ಹುಚ್ಚೆಳ್ಳು. ಇಂಜಿನ್ನು ನಮ್ಮಪ್ಪ 1988ರಲ್ಲಿ ಬಾವಿಗೆ ಅಂತ ತಂದದ್ದು. ಕಿರ್ಲೋಸ್ಕರ್ ಎವಿ-1, 5 ಎಚ್.ಪಿ., ನಿಮಿಷಕ್ಕೆ 1500 ಸುತ್ತು, ನೀರಿನಿಂದ ತಣ್ಣಗಾಗುವಂಥದು. (ಕಿರ್ಲೋಸ್ಕರ್ ಅಂದರೆ ಪುಣೆಯವರದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಇಂಜಿನ್ ಕಂಪನಿ 1946ರಲ್ಲಿ ಶುರುವಾಗಿದ್ದು ಪುಣೆಯಲ್ಲೇ. ಆದರೆ ಆ ಮನೆತನದ ಕಾರ್ಖಾನೆಗಳಿಗೆ ಬುಡ ಹಾಕಿದ ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಮೊದಲು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು.) ನಂದಿ ಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕಲ್ಲಿ ಹರಿಯೋ ಅರ್ಕಾವತಿಯೇ ಒಣಗಿ ನಿಂತ ಮೇಲೆ ನಮ್ಮ ಬಾವಿಯದೇನು ಮಾತು. ಬಾವಿ ಬತ್ತಿತು, ಇಂಜಿನ್ ಮೂಲೆ ಸೇರಿತು. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಕೃಷಿ ಹೊಂಡಗಳಾದವು. ಹೊಂಡದಿಂದ ನೀರೆತ್ತಲು ಕರೆಂಟಿನ ಕಂಬ ಎಲ್ಲ ಕಡೆ ಇಲ್ಲ. ಮತ್ತೆ ಡೀಸೆಲ್ ಇಂಜಿನ್ನೇ ಗತಿ. ಹಾಗಾಗಿ ನಮ್ಮಪ್ಪನ ಇಂಜಿನ್ ಮೂಲೆಯಿಂದ ಹೊರಗೆ ಬಂತು.

2023ರಲ್ಲಿ ಅದರ ಅಗತ್ಯ ಎಷ್ಟು ಅನ್ನೋದು ಗೊತ್ತಾಯಿತು. ಆ ವರ್ಷ ಆಗಸ್ಟ್ ತಿಂಗಳೇ ಒಣಗಿಹೋಯಿತು. ರಾಜ್ಯದ 236 ತಾಲ್ಲೂಕಿನಲ್ಲಿ 223ನ್ನು ಬರಪೀಡಿತ ಅಂತ ಸಾರಿದ ವರ್ಷ ಅದು. ಜುಲೈ ಮಳೆಗೆ ನಮ್ಮ ಹೊಂಡದಲ್ಲಿ ಅರ್ಧ ನೀರು ನಿಂತಿತ್ತು. 15 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ. ಅರ್ಧ ನೀರೆಂದರೆ ಒಂದು ಎಕರೆ ರಾಗಿಗೆ ಒಂದು ಸಲ ಚೆನ್ನಾಗಿ ಕೊಡಬಹುದು. ತೆನೆ ಒಡೆಯುವ ಹೊತ್ತಿಗೆ ಆ ಒಂದು ನೀರು ಬಿದ್ದರೆ ಮೂಟೆ ಲೆಕ್ಕ, ಬೀಳದಿದ್ದರೆ ಬರೀ ಹುಲ್ಲು. ಇಂಜಿನ್ ನೋಡಿದರೆ ಹ್ಯಾಂಡಲ್ಲಿಗೆ ಜಗ್ಗೋದೇ ಇಲ್ಲ. ಹೊಡೆದರೆ ನುಣ್ಣಗೆ ತಿರುಗುತ್ತೆ, ಬಿಳಿ ಹೊಗೆ ಬಿಡುತ್ತೆ, ಸುಮ್ಮನಾಗುತ್ತೆ. ಪೇಟೆಯಿಂದ ಕರೆಸಿದ ಒಬ್ಬ ಮೆಕ್ಯಾನಿಕ್ ಬಂದು ಎರಡು ಸುತ್ತು ತಿರುಗಿಸಿ, 'ಯಜಮಾನ್ರೇ, ಪೂರ್ತಿ ಬಿಚ್ಚಬೇಕು. ಪಿಸ್ಟನ್ನು, ಲೈನರ್ರು, ಹೆಡ್ಡು ಎಲ್ಲ ಸೇರಿ ಹನ್ನೆರಡು ಸಾವಿರ ಆಗುತ್ತೆ. ಹದಿನೈದು ದಿನ ಬಿಟ್ಟು ಕೊಡ್ತೀನಿ' ಅಂದ. ಹದಿನೈದು ದಿನ ರಾಗಿ ಕಾಯಬೇಕಲ್ಲ! 'ನೋಡಿ ಹೇಳ್ತೀನಿ ಮೇಸ್ತ್ರಿ' ಅಂತ ಕಳಿಸಿದೆ.

ಬಿಚ್ಚುವ ಮೊದಲು ಕಿವಿ ಕೊಡಿ

ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪಿಸ್ಟನ್ ಮೇಲೇರುವಾಗ ಒಳಗಿನ ಗಾಳಿಯನ್ನು ಹೆಚ್ಚುಕಡಿಮೆ ಹದಿನಾರರಲ್ಲಿ ಒಂದು ಪಾಲಿನ ಜಾಗಕ್ಕೆ ಒತ್ತುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗೋದು ಎಲ್ಲರಿಗೂ ಗೊತ್ತು. ಇದೂ ಹಾಗೇ, ಆದರೆ ಬಿಸಿ 500 ಡಿಗ್ರಿ ದಾಟುತ್ತದೆ. ಆ ಬಿಸಿ ಗಾಳಿಗೆ ನಾಝಲ್ಲು ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸಿದರೆ ತಾನಾಗೇ ಹೊತ್ತಿಕೊಳ್ಳುತ್ತೆ. ರುಡಾಲ್ಫ್ ಡೀಸೆಲ್ ಅನ್ನುವವರು ಜರ್ಮನಿಯಲ್ಲಿ 1897ರಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಗಾಳಿ ಎಲ್ಲಾದರೂ ಸೋರಿತು ಅಂದರೆ ಬಿಸಿ ಏರೋದಿಲ್ಲ, ಡೀಸೆಲ್ ಹೊತ್ತೋದಿಲ್ಲ, ಹಸಿ ಡೀಸೆಲ್ಲೇ ಬಿಳಿ ಹೊಗೆಯಾಗಿ ಹೊರಗೆ ಬರುತ್ತೆ.

ಹಾಗಾದರೆ ಗಾಳಿ ಎಲ್ಲಿ ಸೋರುತ್ತಿದೆ? ಇದಕ್ಕೆ ಯಾವ ಮೀಟರೂ ಬೇಡ. ಮೊದಲು ಡೀಸೆಲ್ ಕಾಕ್ ಮುಚ್ಚಿ. ಒತ್ತಡ ಬಿಡುವ ಲಿವರನ್ನು (ಹ್ಯಾಂಡಲ್ ಹೊಡೆಯುವಾಗ ಎತ್ತುತ್ತೀವಲ್ಲ, ಅದು) ಇಳಿಸಿ. ಹ್ಯಾಂಡಲ್ಲನ್ನು ನಿಧಾನವಾಗಿ ತಿರುಗಿಸಿ ಪಿಸ್ಟನ್ ಮೇಲೆ ಬಂದು ಭಾರ ಬೀಳುವ ಜಾಗದಲ್ಲಿ ಒತ್ತಿ ಹಿಡೀಬೇಕು. ಹೆಬ್ಬೆರಳು ಹ್ಯಾಂಡಲ್ಲಿನ ಸುತ್ತ ಬಾರದ ಹಾಗೆ ಉಳಿದ ಬೆರಳಿನ ಪಕ್ಕಕ್ಕೇ ಇರಲಿ. ಹ್ಯಾಂಡಲ್ ಹಿಂದಕ್ಕೆ ಒದೆಯಿತು ಅಂದರೆ ಹೆಬ್ಬೆರಳು ಮುರಿಯುತ್ತೆ. ಒಬ್ಬರು ಹೀಗೆ ಹಿಡಿದಿರುವಾಗ ಇನ್ನೊಬ್ಬರು ಕಿವಿ ಕೊಟ್ಟು ಕೇಳಬೇಕು.

ಏರ್ ಫಿಲ್ಟರ್ ಬಾಯಲ್ಲಿ 'ಸುಸ್' ಅಂತ ಕೇಳಿದರೆ ಗಾಳಿ ಎಳೆಯುವ ವಾಲ್ವು ಸೋರುತ್ತಿದೆ. ಸೈಲೆನ್ಸರ್ ಬಾಯಲ್ಲಿ ಕೇಳಿದರೆ ಹೊಗೆ ವಾಲ್ವು. ಎಣ್ಣೆ ಹಾಕುವ ಬಾಯಿಯಲ್ಲೋ ಬ್ರೀದರಿನಲ್ಲೋ ಕೇಳಿದರೆ ಪಿಸ್ಟನ್ ರಿಂಗು, ಲೈನರ್ ಸವೆದಿದೆ, ಅದು ಹೆಡ್ಡಿನ ಕೆಲಸ ಅಲ್ಲ. ಇಂಜಿನ್ ಓಡುತ್ತಿರುವಾಗ ನೀರಿನ ತೊಟ್ಟಿಗೆ ಬೀಳುವ ನೀರಲ್ಲಿ ಗುಳ್ಳೆ ಬಿಡದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ, ಇಲ್ಲವೇ ಹೆಡ್ಡು ಬಿರಿದಿದೆ. ಎಣ್ಣೆ ಕಡ್ಡಿ ತೆಗೆದು ನೋಡಿದಾಗ ಎಣ್ಣೆ ಮಜ್ಜಿಗೆ ಬೆರೆಸಿದ ಅಂಬಲಿ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಇಳಿದಿದೆ ಅಂತ ಅರ್ಥ. ಆಗ ಇಂಜಿನ್ ಓಡಿಸಲೇಬಾರದು. ಬೇರಿಂಗ್ ಹೋಗುತ್ತೆ.

ನಮ್ಮ ಇಂಜಿನ್ನಲ್ಲಿ ಹುಡುಗ ಹ್ಯಾಂಡಲ್ ಹಿಡಿದ, ನಾನು ಕೇಳಿದೆ. ಎಣ್ಣೆ ಬಾಯಲ್ಲಿ ಸದ್ದೇ ಇಲ್ಲ. ಸೈಲೆನ್ಸರಿನಲ್ಲಿ ಮಾತ್ರ ಹಾವು ಬುಸುಗುಟ್ಟಿದ ಹಾಗೆ. ಹನ್ನೆರಡು ಸಾವಿರದ ಲೆಕ್ಕದಲ್ಲಿ ಪಿಸ್ಟನ್ನು, ಲೈನರ್ರು ಅಲ್ಲೇ ಬಿದ್ದುಹೋದವು.

ಸೋರುವುದು ಹೆಚ್ಚಾಗಿ ಹೊಗೆ ವಾಲ್ವೇ ಯಾಕೆ ಅಂದರೆ, ಗಾಳಿ ವಾಲ್ವಿಗೆ ಪ್ರತಿ ಸಲ ತಣ್ಣನೆ ಗಾಳಿ ತಾಗುತ್ತೆ. ಹೊಗೆ ವಾಲ್ವಿನ ಮೈಮೇಲೆ ಉರಿಯುವ ಹೊಗೆಯೇ ಹಾದುಹೋಗಬೇಕು. 1500 ಸುತ್ತಿನ ಇಂಜಿನ್ನಲ್ಲಿ ಒಂದೊಂದು ವಾಲ್ವು ನಿಮಿಷಕ್ಕೆ 750 ಸಲ ತೆರೆದು ಮುಚ್ಚುತ್ತೆ, ಗಂಟೆಗೆ 45,000 ಸಲ. ಇದರ ನಡುವೆ ಒಂದು ಚೂರು ಕರಿ ಸಿಕ್ಕಿಕೊಂಡರೂ ಅಷ್ಟು ಜಾಗದಲ್ಲಿ ಬೆಂಕಿ ನುಗ್ಗಿ ಗುಳಿ ಬೀಳುತ್ತೆ.

ಬಿಚ್ಚುವುದು

ಇಂಜಿನ್ ಪೂರ್ತಿ ಆರಿರಬೇಕು. ಬಿಸಿಯಲ್ಲಿ ಹೆಡ್ಡಿನ ನಟ್ಟು ಬಿಚ್ಚಿದರೆ ಹೆಡ್ಡು ಸೊಟ್ಟಗಾಗುತ್ತೆ. ನೀರು ಇಳಿಸಿ. ಡೀಸೆಲ್ ಪೈಪು, ಸೈಲೆನ್ಸರು, ಫಿಲ್ಟರು ಕಳಚಿ. ಪೈಪಿನ ಬಾಯಿಗೂ ನಾಝಲ್ ಬಾಯಿಗೂ ತಕ್ಷಣ ಶುದ್ಧ ಬಟ್ಟೆ ಕಟ್ಟಿ, ಒಂದು ಮರಳಿನ ಕಾಳು ನಾಝಲ್ಲಿಗೆ ಸಾಕು. ರಾಕರ್ ತೆಗೆದು, ಕೆಳಗಿನ ಎರಡು ಉದ್ದ ಕಡ್ಡಿಗಳನ್ನು (ಪುಶ್‌ರಾಡು) ಯಾವುದು ಯಾವ ಕಡೆಯದು ಅಂತ ಗುರುತು ಮಾಡಿಡಿ. ನಾನು ಒಂದು ರಟ್ಟಿಗೆ ತೂತು ಮಾಡಿ ಚುಚ್ಚಿಡುತ್ತೇನೆ.

ಹೆಡ್ಡಿನ ನಟ್ಟುಗಳನ್ನು ಒಂದೇ ಸಲಕ್ಕೆ ಒಂದನ್ನೇ ಪೂರ್ತಿ ಬಿಚ್ಚಬಾರದು. ಎದುರುಬದುರಾಗಿ ಅರ್ಧರ್ಧ ಸುತ್ತು ಸಡಿಲಿಸುತ್ತಾ ಬನ್ನಿ. ಹೆಡ್ಡು ಅಂಟಿಕೊಂಡಿದ್ದರೆ ಮರದ ಕೊಡತಿಯಲ್ಲಿ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಗ್ಯಾಸ್ಕೆಟ್ ಸಂದಿಗೆ ಉಳಿ ತೂರಿಸಿ ಮೀಟುವವರಿದ್ದಾರೆ. ಆ ಒಂದು ಗೀರಿನಿಂದಲೇ ಮುಂದೆ ನೀರು ಸೋರುತ್ತೆ. ಎರಕದ ಹೆಡ್ಡು ಭಾರ, ಇಬ್ಬರು ಎತ್ತಿ. ಎತ್ತಿದ ಮೇಲೆ ಸಿಲಿಂಡರ್ ಬಾಯಿಗೂ ನೀರಿನ ತೂತುಗಳಿಗೂ ಬನಿಯನ್ ಬಟ್ಟೆ ತುರುಕಿ.

ಹಳೇ ಗ್ಯಾಸ್ಕೆಟ್ ವಿಷಯದಲ್ಲಿ ಒಂದು ಎಚ್ಚರ. ಹಿಂದಿನ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ತಗಡಿನ ಒಳಗೆ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒಣಗಿದ್ದನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಬೇಡಿ, ಬಾಯಲ್ಲಿ ಊದಬೇಡಿ. ನೀರಲ್ಲಿ ನೆನೆಸಿ, ಹಸಿಯಾಗೇ ಹೆರೆದು, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಹೂಳಿಬಿಡಿ.

ವಾಲ್ವು ತೆಗೆಯೋಕೆ ಸ್ಪ್ರಿಂಗ್ ಒತ್ತುವ ಸಾಧನ ಅಂಗಡಿಯಲ್ಲಿ ಸಿಗುತ್ತೆ. ನಾನು ನಮ್ಮೂರ ಆಚಾರಿ ಹತ್ತಿರ ಒಂದು ಮೊಳ ಉದ್ದದ ಪಟ್ಟಿ ಕಬ್ಬಿಣಕ್ಕೆ ಕವಲು ಮಾಡಿಸಿಕೊಂಡಿದ್ದೇನೆ. ಹೆಡ್ಡಿನ ಕೆಳಗೆ ವಾಲ್ವಿನ ತಲೆಗೆ ಮರದ ತುಂಡು ಕೊಟ್ಟು, ಮೇಲೆ ಕವಲಿನಿಂದ ಸ್ಪ್ರಿಂಗಿನ ಬಟ್ಟಲನ್ನು ಒಬ್ಬರು ಒತ್ತಿದರೆ ಇನ್ನೊಬ್ಬರು ಎರಡು ಪುಟ್ಟ ಲಾಕುಗಳನ್ನು ಇಕ್ಕಳದಲ್ಲಿ ತೆಗೆಯಬಹುದು. ಮೇಲೆ ಒಂದು ಬಟ್ಟೆ ಹೊದಿಸಿಕೊಳ್ಳಿ. ಲಾಕು ಚಿಮ್ಮಿದರೆ ಕಣ್ಣಿಗೆ ಅಪಾಯ, ಕಣ್ಣು ಉಳಿದರೂ ತಿಪ್ಪೆಯಲ್ಲಿ ಲಾಕು ಹುಡುಕುವ ಕೆಲಸ ತಪ್ಪೋದಿಲ್ಲ.

ವಾಲ್ವು ಉಜ್ಜುವುದು

ಮೊದಲು ತೊಳೆಯಬೇಕು. ಮುಂಚೆ ಸೀಮೆಎಣ್ಣೆಯಲ್ಲಿ ತೊಳೀತಿದ್ದೆವು, ಈಗ ಅದು ಸಿಗೋದು ಕಷ್ಟ. ಡೀಸೆಲ್ಲಲ್ಲೇ ಒಂದು ರಾತ್ರಿ ನೆನೆಹಾಕಿ. ಕರಿ ಹೆರೆಯಲು ಬಿದಿರಿನ ಸೀಳು ಅಥವಾ ಹಿತ್ತಾಳೆ ಪಟ್ಟಿ ಒಳ್ಳೇದು, ಗೀರು ಬೀಳೋದಿಲ್ಲ.

ತೊಳೆದ ಮೇಲೆ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ. ಅಂಚು ಚಾಕುವಿನ ಹಾಗೆ ತೆಳ್ಳಗಾಗಿದ್ದರೆ, ಸುಟ್ಟು ತುಣುಕು ಹಾರಿದ್ದರೆ, ಕಾಂಡ ಬಾಗಿದ್ದರೆ ಹೊಸದೇ ಹಾಕಬೇಕು. ಆಮೇಲೆ ವಾಲ್ವನ್ನು ಅದರ ಗೈಡಿನೊಳಗೆ ಇಟ್ಟು ಅಲ್ಲಾಡಿಸಿ. ಲೊಡಲೊಡ ಅಂದರೆ ಗೈಡು ಸವೆದಿದೆ. ಗೈಡು ತೆಗೆದು ಹಾಕೋದು ಲೇತ್ ಅಂಗಡಿಯ ಕೆಲಸ. ಸುತ್ತಿಗೆಯಲ್ಲಿ ಹೊಡೆದು ಕೂರಿಸಲು ಹೋದರೆ ಸೊಟ್ಟ ಕೂರುತ್ತೆ, ಮುಂದೆ ಎಷ್ಟು ಉಜ್ಜಿದರೂ ವಾಲ್ವು ಸೀಟಿಗೆ ಕೂರೋದಿಲ್ಲ. ಗೈಡು ಹಾಕಿಸಿದ ಮೇಲೆಯೇ ಉಜ್ಜಬೇಕು ಅನ್ನೋದನ್ನೂ ನೆನಪಿಡಿ.

ಉಜ್ಜಲು ವಾಲ್ವ್ ಪೇಸ್ಟ್ ಬೇಕು. ಒಂದೇ ಡಬ್ಬಿಯಲ್ಲಿ ಒಂದು ಕಡೆ ದಪ್ಪದ್ದು, ಇನ್ನೊಂದು ಕಡೆ ನಯದ್ದು ಸಿಗುತ್ತೆ. ತುದಿಗೆ ರಬ್ಬರ್ ಬಟ್ಟಲು ಇರುವ ಒಂದು ಮರದ ಕೋಲು ಬೇಕು, ಅದು ವಾಲ್ವಿನ ತಲೆಗೆ ಕಚ್ಚಿಕೊಳ್ಳುತ್ತೆ. ಹೆಡ್ಡನ್ನು ತಲೆಕೆಳಗಾಗಿ ಮರದ ತುಂಡಿನ ಮೇಲೆ ಅಲ್ಲಾಡದ ಹಾಗೆ ಕೂರಿಸಿ. ವಾಲ್ವಿನ ಕಾಂಡಕ್ಕೆ ಒಂದು ತೊಟ್ಟು ಎಣ್ಣೆ. ವಾಲ್ವಿನ ಓರೆ ಮುಖಕ್ಕೆ ದಪ್ಪ ಪೇಸ್ಟನ್ನು ಮೂರು ನಾಲ್ಕು ಕಡೆ ಸಾಸಿವೆ ಕಾಳಿನಷ್ಟು ಇಡಿ, ಜಾಸ್ತಿ ಬೇಡ. ಪೇಸ್ಟು ಗೈಡಿಗೆ ಇಳಿದರೆ ಗೈಡನ್ನೇ ತಿನ್ನುತ್ತೆ.

ಈಗ ಕೋಲನ್ನು ಎರಡು ಅಂಗೈ ಮಧ್ಯೆ ಇಟ್ಟು ಮಜ್ಜಿಗೆ ಕಡೆಯುವ ಹಾಗೆ ಅತ್ತಿತ್ತ ತಿರುಗಿಸಿ. ಒತ್ತಬೇಡಿ, ಕೈ ಭಾರವೇ ಸಾಕು. ಹತ್ತು ಹದಿನೈದು ಸಲ ತಿರುಗಿಸಿದ ಮೇಲೆ ವಾಲ್ವನ್ನು ಎತ್ತಿ, ಕಾಲು ಸುತ್ತು ಬೇರೆ ಕಡೆಗೆ ತಿರುಗಿಸಿ ಇಟ್ಟು ಮತ್ತೆ ಶುರು ಮಾಡಿ. ಎತ್ತದೆ ಒಂದೇ ಜಾಗದಲ್ಲಿ ತಿರುಗಿಸಿದರೆ ಗೆರೆ ಬೀಳುತ್ತೆ. ಮೊದಮೊದಲು 'ಕರಕರ' ಅಂತ ಕೈಗೆ ತಿಳಿಯುತ್ತೆ. ಪೇಸ್ಟು ಸವೆದಂತೆ ಸದ್ದು ನುಣುಪಾಗುತ್ತೆ. ಆಗ ಒರೆಸಿ ನೋಡಿ, ಹೊಸ ಪೇಸ್ಟ್ ಹಾಕಿ. ಗುಳಿಗಳು ಮಾಯವಾದ ಮೇಲೆ ನಯದ ಪೇಸ್ಟು. ನಮ್ಮ ಹೊಗೆ ವಾಲ್ವಿಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಗಾಳಿ ವಾಲ್ವಿಗೆ ಅರ್ಧ ಗಂಟೆ. ಅವಸರ ಇದ್ದವರು ಡ್ರಿಲ್ ಮಿಷನ್ನಿಗೆ ಕಟ್ಟಿ ಗಿರ್ರನೆ ತಿರುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅದರಲ್ಲಿ ಸೀಟು ಎಷ್ಟು ಸವೆಯಿತು ಅಂತ ಕೈಗೆ ತಿಳಿಯೋದೇ ಇಲ್ಲ.

ಮುಗಿಯಿತು ಅಂತ ತಿಳಿಯೋದು ಹೇಗೆ? ವಾಲ್ವಿನ ಮುಖದ ಮೇಲೂ ಸೀಟಿನ ಮೇಲೂ ಸುತ್ತ ಒಂದೇ ಅಗಲದ, ಬೂದಿ ಬಣ್ಣದ, ಎಲ್ಲೂ ತುಂಡಾಗದ ಉಂಗುರ ಕಾಣಬೇಕು. ಅಗಲ ಒಂದೂವರೆ ಎರಡು ಮಿಲಿಮೀಟರ್ ಇದ್ದರೆ ಒಳ್ಳೇದು. ಇನ್ನೊಂದು ಪರೀಕ್ಷೆ: ಮಕ್ಕಳ ಪೆನ್ಸಿಲ್ ತಗೊಂಡು ವಾಲ್ವಿನ ಮುಖದ ಮೇಲೆ ಸುತ್ತಲೂ ಅಡ್ಡಗೆರೆ ಎಳೀರಿ. ವಾಲ್ವನ್ನು ಒಣ ಸೀಟಿನ ಮೇಲಿಟ್ಟು ಒತ್ತಿ ಕಾಲು ಸುತ್ತು ತಿರುಗಿಸಿ ತೆಗೆಯಿರಿ. ಎಲ್ಲ ಗೆರೆಯೂ ಮಧ್ಯದಲ್ಲಿ ಅಳಿಸಿರಬೇಕು. ಅಳಿಸದೆ ಉಳಿದ ಕಡೆ ಗಾಳಿ ಸೋರುತ್ತೆ. ಕೊನೆಯದು, ಸ್ಪ್ರಿಂಗು ಲಾಕು ಹಾಕಿದ ಮೇಲೆ ಹೆಡ್ಡನ್ನು ಮಗ್ಗುಲಾಗಿ ಇಟ್ಟು ಹೊಗೆ ದಾರಿಗೂ ಗಾಳಿ ದಾರಿಗೂ ಡೀಸೆಲ್ ತುಂಬಿ ಹದಿನೈದು ನಿಮಿಷ ಬಿಡಿ. ವಾಲ್ವಿನ ಅಂಚಿನಲ್ಲಿ ಒದ್ದೆ ಕಾಣಬಾರದು.

ಎಷ್ಟು ಉಜ್ಜಿದರೂ ಗುಳಿ ಹೋಗದಿದ್ದರೆ ನಿಲ್ಲಿಸಿಬಿಡಿ. ಸೀಟನ್ನು ಲೇತಿನವರು ಕಟರ್ ಹಾಕಿ ಕತ್ತರಿಸಿ ಕೊಡುತ್ತಾರೆ, ತುಂಬಾ ಹೋಗಿದ್ದರೆ ಹೊಸ ಉಂಗುರ ಕೂರಿಸುತ್ತಾರೆ. ಹಟ ಹಿಡಿದು ಉಜ್ಜುತ್ತಾ ಹೋದರೆ ವಾಲ್ವು ಹೆಡ್ಡಿನೊಳಗೆ ಇಳಿದುಬಿಡುತ್ತೆ. ಒಳಗೆ ಜಾಗ ಹೆಚ್ಚಾಗಿ ಗಾಳಿಯ ಒತ್ತಡವೇ ಕಡಿಮೆಯಾಗುತ್ತೆ. ಉಜ್ಜುವುದು ಮುಗಿದ ಮೇಲೆ ಪೇಸ್ಟಿನ ಒಂದು ಕಣವೂ ಉಳಿಯದ ಹಾಗೆ ತೊಳೀಬೇಕು. ಡೀಸೆಲ್ಲಲ್ಲಿ ಒಮ್ಮೆ, ಸೋಪಿನ ಬಿಸಿನೀರಲ್ಲಿ ಒಮ್ಮೆ, ಒರೆಸಿ ತಕ್ಷಣ ಎಣ್ಣೆ ಸವರಿ. ಪೇಸ್ಟು ಉಳಿದು ಸಿಲಿಂಡರಿಗೆ ಬಿದ್ದರೆ ವಾಲ್ವನ್ನು ಉಜ್ಜಿದ ಹಾಗೇ ಲೈನರನ್ನೂ ಉಜ್ಜುತ್ತದೆ.

ನೀರಿನ ಸುಣ್ಣ

ನಮ್ಮ ಕಡೆಯವರು ಇದನ್ನು ಗಮನಿಸುವುದು ಕಡಿಮೆ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳೀ ಹೆಕ್ಕಳೆ ಕಟ್ಟುವುದನ್ನು ಹೆಂಗಸರು ದಿನಾ ನೋಡುತ್ತಾರೆ. ಅದೇ ಹೆಕ್ಕಳೆ ಹೆಡ್ಡಿನ ಒಳಗೆ ನೀರು ಹರಿಯುವ ದಾರಿಯಲ್ಲೂ ಕಟ್ಟುತ್ತೆ. ಸುಣ್ಣ ಕಟ್ಟಿದ ಕಡೆ ಕಬ್ಬಿಣಕ್ಕೆ ನೀರಿನ ತಂಪು ತಾಗೋದಿಲ್ಲ. ಹೆಡ್ಡಿನಲ್ಲಿ ಎರಡು ವಾಲ್ವಿನ ನಡುವಿನ ಸೇತುವೆ ಅತಿ ಬಿಸಿಯಾಗುವ ಜಾಗ. ಅಲ್ಲಿ ಸುಣ್ಣ ಕಟ್ಟಿತು ಅಂದರೆ ಕಬ್ಬಿಣ ಕಾದು, ಮೇಲೆ ತಣ್ಣೀರು ಬಿದ್ದಾಗ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಹೆಡ್ಡು ಬಿಚ್ಚಿದಾಗ ನೀರಿನ ತೂತುಗಳಿಗೆ ತಂತಿ ಹಾಕಿ ನೋಡಿ. ಕಿರಾಣಿ ಅಂಗಡಿಯಲ್ಲಿ ನಿಂಬೆಉಪ್ಪು ಅಂತ ಕೊಡುವ ಸಿಟ್ರಿಕ್ ಆಸಿಡ್ ಪುಡಿಯನ್ನು ಬಿಸಿನೀರಿಗೆ ಕಲಸಿ ನೀರಿನ ದಾರಿಗೆ ತುಂಬಿದರೆ ನೊರೆ ಬಂದು ಸುಣ್ಣ ಸಡಿಲವಾಗುತ್ತೆ. ಒಂದೆರಡು ಗಂಟೆ ಬಿಟ್ಟು ತಂತಿಯಲ್ಲಿ ಕೆದಕಿ, ಚೆನ್ನಾಗಿ ತೊಳೆದು, ಕೂಡಲೇ ಒಣಗಿಸಿ. ರಾತ್ರಿಯೆಲ್ಲ ಬಿಡಬೇಡಿ, ಕಬ್ಬಿಣವನ್ನೂ ತಿನ್ನುತ್ತೆ. ಇದನ್ನು ವಾಲ್ವು ಉಜ್ಜುವ ಮೊದಲೇ ಮಾಡಿ ಮುಗಿಸಿ. ಪಾಯಖಾನೆ ತೊಳೆಯುವ ಆಸಿಡ್ ಬಳಸುವವರನ್ನು ನೋಡಿದ್ದೇನೆ, ಅದರ ಹೊಗೆಯೂ ಕೆಟ್ಟದ್ದು, ಕಬ್ಬಿಣಕ್ಕೂ ಕೆಟ್ಟದ್ದು.

ಹೊಂಡದ ನೀರು ಮಳೆ ನೀರಾದ್ದರಿಂದ ಸುಣ್ಣ ಬಹಳ ಕಡಿಮೆ. ಇಂಜಿನ್ನಿನ ತೊಟ್ಟಿಗೆ ಅದನ್ನೇ ಬಟ್ಟೆಯಲ್ಲಿ ಸೋಸಿ ಹಾಕುತ್ತೇನೆ.

ಬಿರುಕು ಇದೆಯೋ ಅಂತ ನೋಡಲು ಒಂದು ಹಳೇ ಉಪಾಯ ಇದೆ. ಅನುಮಾನದ ಜಾಗಕ್ಕೆ ಡೀಸೆಲ್ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೊಕ್ಕಟವಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕು ಇದ್ದರೆ ಅದರೊಳಗಿನ ಡೀಸೆಲ್ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತೆ. ಗೆರೆ ಮೂಡಿದ ಹೆಡ್ಡಿಗೆ ದುಡ್ಡು ಹಾಕಬೇಡಿ. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಿ ಕೊಡ್ತೀನಿ ಅನ್ನುವವರು ಇದ್ದಾರೆ, ವಾಲ್ವಿನ ಸೇತುವೆಯಲ್ಲಿ ಅದು ನಿಂತದ್ದನ್ನು ನಾನು ಕಂಡಿಲ್ಲ. ಬೇರೆ ಹೆಡ್ಡು ಹುಡುಕಿ. ಈ ಜಾತಿಯ ಇಂಜಿನ್ನುಗಳಿಗೆ ಸಾಮಾನು ಸಿಗೋದು ಕಷ್ಟವಿಲ್ಲ. ಗುಜರಾತಿನ ರಾಜ್‌ಕೋಟ್‌ನಲ್ಲಿ ಇಂಥ ಇಂಜಿನ್ನು, ಬಿಡಿಭಾಗ ಮಾಡುವ ಕಾರ್ಖಾನೆಗಳು ತುಂಬಾ ಇವೆ. ಬೆಂಗಳೂರಿನ ಎಸ್.ಪಿ. ರೋಡ್, ಜೆ.ಸಿ. ರೋಡ್ ಕಡೆ ಒಂದು ದಿನ ತಿರುಗಿದರೆ ಬೇಕಾದ್ದು ಸಿಗುತ್ತೆ. ಹಳೇ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಬಾಯಲ್ಲಿ ಹೇಳಿ ತಂದದ್ದು ಕೂರೋದಿಲ್ಲ.

ಅಂಗಡಿಗೆ ಬಿಟ್ಟದ್ದು

ಹೆಡ್ಡಿನ ಮುಖ ಸಮತಟ್ಟಾಗಿದೆಯೋ ಅಂತ ಉಕ್ಕಿನ ಪಟ್ಟಿಯನ್ನು ಅಂಚಿಗೆ ನಿಲ್ಲಿಸಿ, ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಬೇಕು. ಸಂದಿಗೆ ಫೀಲರ್ ಗೇಜಿನ ತೆಳು ಎಲೆ ತೂರಿದರೆ ಹೆಡ್ಡು ಬಾಗಿದೆ. ಅದನ್ನು ಅರದಿಂದಲೋ ಮರಳು ಕಾಗದದಿಂದಲೋ ಸರಿ ಮಾಡಲು ಕೂರಬೇಡಿ. ಲೇತ್ ಅಂಗಡಿಯಲ್ಲಿ ಮಿಷನ್ನಿಗೆ ಹಾಕಿ ಕೂದಲೆಳೆಯಷ್ಟು ಸವರಿ ಕೊಡುತ್ತಾರೆ. ಸವರಿಸಿದ ಮೇಲೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಸಂದಿ ಕಡಿಮೆಯಾಗಿರುತ್ತೆ. ಪಿಸ್ಟನ್ ತಲೆಯ ಮೇಲೆ ಸೀಸದ ತಂತಿಯ ತುಂಡು ಇಟ್ಟು, ಹೊಸ ಗ್ಯಾಸ್ಕೆಟ್ ಸಮೇತ ಹೆಡ್ಡು ಬಿಗಿದು, ಕೈಯಲ್ಲೇ ಫ್ಲೈವೀಲನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ಸೀಸವನ್ನು ಅಳೆದರೆ ಸಂದಿ ತಿಳಿಯುತ್ತೆ. ಎಷ್ಟಿರಬೇಕು ಅನ್ನೋದು ಆಯಾ ಇಂಜಿನ್ನಿನ ಪುಸ್ತಕದಲ್ಲಿದೆ. ಪುಸ್ತಕ ಕಳೆದುಹೋಗಿದ್ದರೆ ಡೀಲರ್ ಹತ್ತಿರ ಆ ಪುಟದ ಜೆರಾಕ್ಸ್ ಕೇಳಿ ತನ್ನಿ. ಅಂದಾಜಿನಲ್ಲಿ ಹಾಕಬೇಡಿ.

ನಾಝಲ್ಲು ಪೂರ್ತಿ ಅಂಗಡಿಯವರದೇ. ಒತ್ತಡದ ಯಂತ್ರಕ್ಕೆ ಹಾಕಿ ನೋಡುತ್ತಾರೆ, ಹನಿ ಹನಿಯಾಗಿ ಬಿದ್ದರೆ ಬದಲಾಯಿಸಬೇಕು, ಮಂಜಿನ ಹಾಗೆ ಬಂದರೆ ಸರಿ. ಆ ಚಿಮ್ಮುವ ಡೀಸೆಲ್ಲಿಗೆ ಕೈ ಅಡ್ಡ ಹಿಡಿಯಬೇಡಿ, ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮತ್ತೆ ಕಟ್ಟುವುದು

ಹೊಸ ಗ್ಯಾಸ್ಕೆಟ್ಟೇ ಹಾಕಿ. ಹಳೇದಕ್ಕೆ ಗ್ರೀಸು, ಬಣ್ಣ ಬಳಿದು ಹಾಕುವ ಜಿಪುಣತನ ಬೇಡ. ನಾಝಲ್ ಕೆಳಗಿನ ತಾಮ್ರದ ವಾಷರ್ ಸಿಗದಿದ್ದರೆ ಮಾತ್ರ ಹಳೇದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆತ್ತಗಾಗುತ್ತೆ. ಉಕ್ಕಿನ ಕುಡುಗೋಲನ್ನು ಹಾಗೆ ಮಾಡಿದರೆ ಗಡುಸಾಗುತ್ತೆ, ತಾಮ್ರ ಅದಕ್ಕೆ ತದ್ವಿರುದ್ಧ. ನಮ್ಮ ಆಚಾರಿ ಇದನ್ನು ನಂಬಲೇ ಇಲ್ಲ, ಮಾಡಿ ತೋರಿಸಿದೆ.

ನಟ್ಟುಗಳನ್ನು ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿಯಿರಿ. ಮೊದಲು ಕೈ ಬಿಗಿ, ಆಮೇಲೆ ಅರ್ಧ, ಕೊನೆಗೆ ಪೂರ್ತಿ. ಎಷ್ಟು ಬಿಗಿ ಅಂತ ತೋರಿಸುವ ಟಾರ್ಕ್ ಪಾನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿರುತ್ತೆ. ಒಂದು ಗಂಟೆಗೆ ಕೇಳಿ ತರಬಹುದು. ಪೈಪು ಹಾಕಿ ಉದ್ದ ಮಾಡಿದ ಪಾನದಲ್ಲಿ ಬಲ ಹಾಕಿದರೆ ಸ್ಟಡ್ಡು ಕಿತ್ತುಬರುತ್ತೆ.

ಟ್ಯಾಪೆಟ್ ಸಂದಿ ಇಡುವಾಗ ಪಿಸ್ಟನ್ ಮೇಲಿರಬೇಕು, ಎರಡೂ ವಾಲ್ವು ಮುಚ್ಚಿರಬೇಕು, ಒತ್ತಡ ಬಿಡುವ ಲಿವರ್ ಇಳಿದಿರಬೇಕು. ಫೀಲರ್ ಎಲೆ ಪುಸ್ತಕದ ಹಾಳೆಗಳ ಮಧ್ಯೆ ನೋಟು ಎಳೆದ ಹಾಗೆ ಸ್ವಲ್ಪ ಹಿಡಿದು ಬರಬೇಕು. ಸಂದಿ ಹೆಚ್ಚಾದರೆ ಟಕಟಕ ಸದ್ದು. ಸಂದಿಯೇ ಇಲ್ಲದಿದ್ದರೆ ಕೇಡು ಜಾಸ್ತಿ. ಬಿಸಿಗೆ ವಾಲ್ವು ಉದ್ದವಾಗಿ ಪೂರ್ತಿ ಮುಚ್ಚದೆ ಮತ್ತೆ ಸುಡುತ್ತೆ. ಸದ್ದು ಬರಬಾರದು ಅಂತ ಟ್ಯಾಪೆಟ್ಟನ್ನು ಬಿಗಿ ಮಾಡಿಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ನಮ್ಮದಕ್ಕೆ ಆದ ಖರ್ಚು: ಗ್ಯಾಸ್ಕೆಟ್ ಸೆಟ್ 350, ಪೇಸ್ಟು 80, ಹೆಡ್ಡಿನ ಮುಖ ಸವರಿಸಿದ್ದು 400, ನಾಝಲ್ ಪರೀಕ್ಷೆ 150, ಹೊಸ ಹೊಗೆ ವಾಲ್ವ್ ಒಂದು 180, ಬಸ್ ಚಾರ್ಜು, ಡೀಸೆಲ್ಲು, ಟೀ ಎಲ್ಲ ಸೇರಿ 300. ಒಟ್ಟು 1460 ರೂಪಾಯಿ. ನಾಲ್ಕು ದಿನ ಹಿಡಿಯಿತು, ಅದರಲ್ಲಿ ಒಂದು ದಿನ ಲೇತಿನವನ ಮನೆಯಲ್ಲಿ ಗೃಹಪ್ರವೇಶ ಅಂತ ಅಂಗಡಿ ಮುಚ್ಚಿತ್ತು. ಐದನೇ ದಿನ ಬೆಳಿಗ್ಗೆ ಡೀಸೆಲ್ ಪೈಪಿನ ಗಾಳಿ ತೆಗೆದು ಹ್ಯಾಂಡಲ್ ಹಾಕಿದಾಗ ಹುಡುಗ, 'ಅಪ್ಪಾ, ಲಿವರ್ ಎತ್ತು, ತಿರುಗ್ತಾನೇ ಇಲ್ಲ' ಅಂದ. ಅಷ್ಟು ಒತ್ತಡ ಬಂದಿತ್ತು. ಹೊಂಡದ ನೀರೆಲ್ಲ ಸುಮಾರು ಐದು ಗಂಟೆಯಲ್ಲಿ ರಾಗಿಗೆ ಹೋಯಿತು. ಆ ಎಕರೆಯಲ್ಲಿ ಎಂಟು ಮೂಟೆ ಆಯಿತು. ನೀರು ಕಾಣದ ಪಕ್ಕದ ಎಕರೆಯಲ್ಲಿ ದನಕ್ಕೆ ಮೇವು, ಎರಡು ಮೂಟೆ ಜೊಳ್ಳು ಸೇರಿದ ರಾಗಿ.

ಕಾರಿನ ಹೆಡ್ಡನ್ನೂ ಹೀಗೇ ಮಾಡಬಹುದಾ ಅಂತ ನಮ್ಮೂರ ಹುಡುಗರು ಕೇಳುತ್ತಾರೆ, ಹಳೇ ಮಾರುತಿ 800 ಇಟ್ಟುಕೊಂಡವರು. ವಾಲ್ವು ಉಜ್ಜುವುದು, ಪೆನ್ಸಿಲ್ ಪರೀಕ್ಷೆ, ಎದುರುಬದುರು ಬಿಗಿಯುವುದು ಎಲ್ಲ ಒಂದೇ. ಆದರೆ ಅದರ ಹೆಡ್ಡು ಅಲ್ಯೂಮಿನಿಯಂ, ಒಂದು ಸಲ ನೀರಿಲ್ಲದೆ ಕಾದರೆ ಬಾಗಿಬಿಡುತ್ತೆ. ಮೂರು ಸಿಲಿಂಡರಿಗೂ ಸೇರಿ ಒಂದೇ ಹೆಡ್ಡು. ಕ್ರ್ಯಾಂಕಿಗೂ ಹೆಡ್ಡಿನ ಮೇಲಿನ ಕ್ಯಾಮಿಗೂ ನಡುವೆ ಟೈಮಿಂಗ್ ಬೆಲ್ಟ್ ಇರುತ್ತೆ, ಅದರ ಗುರುತು ಒಂದು ಹಲ್ಲು ತಪ್ಪಿದರೂ ಇಂಜಿನ್ ಸರಿಯಾಗಿ ಓಡೋದಿಲ್ಲ. ಟಾರ್ಕ್ ಪಾನ ಇಲ್ಲದೆ ಅದಕ್ಕೆ ಕೈ ಹಾಕಬಾರದು. ಮೊದಲು ಒಂಟಿ ಸಿಲಿಂಡರಿನ ಪಂಪ್‌ಸೆಟ್ಟಿನಲ್ಲಿ ಕೈ ಪಳಗಲಿ.

ಕಟ್ಟಿದ ಮೇಲೆ ಮೊದಲ ದಿನ ಅರ್ಧ ಗಂಟೆ ಭಾರವಿಲ್ಲದೆ ಓಡಿಸಿ, ಆರಲು ಬಿಟ್ಟು, ನಟ್ಟಿನ ಬಿಗಿಯನ್ನೂ ಟ್ಯಾಪೆಟ್ ಸಂದಿಯನ್ನೂ ಇನ್ನೊಮ್ಮೆ ನೋಡಿ. ಇಪ್ಪತ್ತು ಮೂವತ್ತು ಗಂಟೆ ಓಡಿದ ಮೇಲೆ ಮತ್ತೊಂದು ಸಲ. ಸುಗ್ಗಿ ಮುಗಿದು ಇಂಜಿನ್ ನಿಲ್ಲಿಸುವಾಗ ನೀರು ಪೂರ್ತಿ ಇಳಿಸಿ, ಎರಡೂ ವಾಲ್ವು ಮುಚ್ಚಿರುವ ಜಾಗಕ್ಕೆ ಫ್ಲೈವೀಲ್ ತಿರುಗಿಸಿ ಬಿಡಿ. ಮೇಲ್ಮುಖವಾದ ಸೈಲೆನ್ಸರಿನೊಳಗೆ ಮಳೆ ನೀರು ಇಳಿದು ಹೊಗೆ ವಾಲ್ವಿನ ಮೇಲೆ ನಿಂತು ತುಕ್ಕು ಹಿಡಿಸಿದ್ದನ್ನು ನಾಲ್ಕೈದು ಇಂಜಿನ್ನಲ್ಲಿ ನೋಡಿದ್ದೇನೆ. ಸೈಲೆನ್ಸರ್ ಬಾಯಿಗೆ ಒಂದು ತೆಂಗಿನ ಚಿಪ್ಪು ಕವುಚಿ, ದಾರ ಕಟ್ಟಿ. ಮುಂದಿನ ಸಲ ಹ್ಯಾಂಡಲ್ ಹಾಕುವ ಮೊದಲು ಚಿಪ್ಪು ತೆಗೆಯಿರಿ.